ಎಲ್ಲರ ಗಾಜೂ ಹಸಿರು

ಗಾಜು ಬಂದರೆ ಜಗಳ ನಿಲ್ಲುತ್ತದೆ ಎಂದು ನೀಲಾಂಬಿಕಾ ಹಂಚಿನಮನಿ ಮನಸಾರೆ ನಂಬಿದ್ದಳು. ಊರಿನ ಜಗಳ ನಿಲ್ಲದಿದ್ದರೂ ತನ್ನ ಮನೆಯ ಊಟದ ಮೇಜಿನ ಜಗಳವಾದರೂ ನಿಂತೀತು ಎಂಬ ಆಸೆ ಅವಳಿಗಿತ್ತು.

ಆ ಜಗಳ ಪ್ರತಿ ಭಾನುವಾರ ನಡೆಯುತ್ತಿತ್ತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದ ಅವಳ ಮನೆಗೆ ಅಪ್ಪ ಮಲ್ಲೇಶಪ್ಪ ಧಾರವಾಡದಿಂದ ತಮ್ಮ ಪುಟ್ಟ ಪೆಟ್ರೋಲ್ ಕಾರಿನಲ್ಲಿ ಊಟಕ್ಕೆ ಬರುತ್ತಿದ್ದರು. ಬ್ರೇಕು ಒತ್ತಿದಾಗ ಹುಟ್ಟುವ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮುಂದಿನ ಏರಿಗೆ ಬಳಸುವ, ಚಮಚದಲ್ಲಿ ಪೆಟ್ರೋಲು ಕುಡಿಯುವ ಕಾರು ಅದು. ಗಂಡ ಪ್ರಭುದೇವನದು ಬ್ಯಾಟರಿ ಕಾರು. ಆನೆಯಂತೆ ದೊಡ್ಡದು, ಬೆಕ್ಕಿನಂತೆ ಸದ್ದಿಲ್ಲದ್ದು. ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ರೊಟ್ಟಿ ಮುರಿಯುವ ಮೊದಲೇ ಮಾವ-ಅಳಿಯಂದಿರ ಮಾತು ಗಾಡಿಗೆ ತಿರುಗುತ್ತಿತ್ತು.

"ಹೊಗಿ ಬಿಡೋ ಗಾಡಿ ಇನ್ನೂ ಎಷ್ಟ್ ದಿನ ಓಡಸ್ತೀರಿ ಮಾವಾರ?"

"ನನ್ನ ಹೊಗಿ ನನ್ನ ಬೆನ್ನ ಹಿಂದ ಕಾಣ್ತೈತಿ ಅಳಿಯಂದ್ರ. ನಿಮ್ಮದು ಎಲ್ಲೋ ದೂರ ಕಲ್ಲಿದ್ದಲ ಸುಡೋ ಊರಾಗ ಏಳತೈತಿ. ನಿಮ್ಮ ಕಣ್ಣಿಗೆ ಬೀಳಂಗಿಲ್ಲ, ಅಷ್ಟ."

ಊರೂ ಹೀಗೇ ಎರಡಾಗಿತ್ತು. ಒಂದು ಮೈಲೇಜಿನವರ ಪಕ್ಷ, ಇನ್ನೊಂದು ಬ್ಯಾಟರಿಯವರ ಪಕ್ಷ. ನಡುವೆ ಕಬ್ಬಿನ ಎಥೆನಾಲಿನವರು, ಜಲಜನಕದವರು ಒಂದಿಷ್ಟು ಮಂದಿ. ಯಾವುದು ಒಳ್ಳೆಯ ಗಾಡಿ ಎಂದು ಕೇಳಿದವರಿಗೆಲ್ಲ ನೀಲಾಂಬಿಕಾ "ಅದು ಗಾಡಿ ಎಷ್ಟು ತೂಕ ಐತಿ, ಯಾವ ಹೊತ್ತಿನಾಗ ಚಾರ್ಜ್ ಮಾಡ್ತೀರಿ, ಎಷ್ಟು ವರ್ಷ ಓಡಸ್ತೀರಿ ಅನ್ನೋದರ ಮ್ಯಾಲ ಐತ್ರಿ" ಎನ್ನುತ್ತಿದ್ದಳು. ಕೇಳಿದವರು ಬೇಸರಪಟ್ಟು ಎದ್ದು ಹೋಗುತ್ತಿದ್ದರು. ಅವಳಿ ನಗರದ ವಾಯು ಮಂಡಳಿಯಲ್ಲಿ ಎಂಜಿನಿಯರಾಗಿದ್ದ ಅವಳು ಆ ಬೇಸರಕ್ಕೆ ಉತ್ತರವಾಗಿಯೇ ಗಾಜನ್ನು ಮಾಡಿದ್ದು.

ಗಾಡಿಯ ಮುಂದಿನ ಗಾಜಿನ ಮೇಲಂಚಿಗೆ ಅಂಟಿಸುವ, ಬೆರಳಗಲದ ಒಂದು ಪಟ್ಟಿ ಅದು; ಊರಿನವರ ಬಾಯಲ್ಲಿ ಅದೇ 'ಗಾಜು'. ಒಳಗಿನವರಿಗೂ ಹೊರಗಿನವರಿಗೂ ಕಾಣುತ್ತಿತ್ತು. ಪೆಟ್ರೋಲು ಗಾಡಿಯಾದರೆ ಎಷ್ಟು ಇಂಧನ ಸುಟ್ಟಿತೆಂದು ಅಳೆಯುತ್ತಿತ್ತು. ಬ್ಯಾಟರಿ ಗಾಡಿಯಾದರೆ ಒಳಗಿರುವ ವಿದ್ಯುತ್ತು ಯಾವ ಹೊತ್ತಿನಲ್ಲಿ ತುಂಬಿದ್ದು, ಆ ಹೊತ್ತಿನಲ್ಲಿ ಅದು ಬಿಸಿಲಿನಿಂದ ಬಂದಿತ್ತೋ ಗಾಳಿಯಂತ್ರದಿಂದಲೋ ಕಲ್ಲಿದ್ದಲಿನಿಂದಲೋ ಎಂದು ರಾಯಾಪುರದ ಬಳಿಯಿದ್ದ ಮಂಡಳಿಯ ನಿಯಂತ್ರಣ ಕೇಂದ್ರವನ್ನು ಕೇಳಿ ತಿಳಿಯುತ್ತಿತ್ತು. ಗಾಡಿ ಕಟ್ಟಲು, ಅದರ ಬ್ಯಾಟರಿಗೆ ಬೇಕಾದ ಲೋಹ ಅಗೆಯಲು ಸುಟ್ಟದ್ದನ್ನೂ ಬಿಡುತ್ತಿರಲಿಲ್ಲ; 'ಹುಟ್ಟಿನ ಹೊಗೆ' ಎಂದು ಅದನ್ನು ಗಾಡಿಯ ಆಯುಷ್ಯಕ್ಕೆ ಹಂಚಿ ಕೂಡಿಸುತ್ತಿತ್ತು. ಎಲ್ಲ ಸೇರಿ ಒಂದು ಕಿಲೋಮೀಟರಿಗೆ ಎಷ್ಟು ಹೊಗೆ ಎಂಬುದು ಬಣ್ಣವಾಗಿ ಮೂಡುತ್ತಿತ್ತು: ಹಸಿರು, ಹಳದಿ, ಕಂದು. ಕಂದು ಗಾಜಿನ ಗಾಡಿ ಬೆಳಗಿನ ಹೊತ್ತು ಶಾಲೆ, ಆಸ್ಪತ್ರೆ, ಮಾರುಕಟ್ಟೆಯ ರಸ್ತೆಗಳಿಗೆ ಹೋಗುವಂತಿರಲಿಲ್ಲ. ಆ ರಸ್ತೆಗಳ ಬಾಯಲ್ಲಿ ಹಾಕಿದ ಅಡ್ಡಗೋಲು ಏಳುತ್ತಲೇ ಇರಲಿಲ್ಲ.

ಮೊದಲ ವಾರ ಮಲ್ಲೇಶಪ್ಪನವರ ಕಾರಿಗೆ ತಿಳಿಹಸಿರು ಬಂತು. ಪ್ರಭುದೇವನ ಕಾರಿಗೆ ಕಂದಿಗೆ ತಿರುಗಿದ ಹಳದಿ. ಅವನು ಎರಡು ಹೊತ್ತು ಹೆಂಡತಿಯ ಜೊತೆ ಮಾತು ಬಿಟ್ಟ. ಆಮೇಲೆ, ಸಂಜೆ ಮನೆಯಲ್ಲಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿಗೆ ಕಾಲೇಜಿನ ಸೌರಫಲಕದ ಚಪ್ಪರದ ಕೆಳಗೆ ಮಾಡತೊಡಗಿದ. ಗಾಜು ಹಸಿರಾಯಿತು. ಇಡೀ ಊರು ಹೀಗೇ ತಿದ್ದಿಕೊಂಡಿತು. ಬ್ಯಾಟರಿಯವರು ಬಿಸಿಲಿಗೆ ಕಾದರು, ಪೆಟ್ರೋಲಿನವರು ಸಣ್ಣ ಕಾರು ಕೊಂಡು ಮೆತ್ತಗೆ ಕಾಲಿಟ್ಟು ಓಡಿಸಲು ಕಲಿತರು. ಹೆಣ್ಣು ನೋಡಲು ಬಂದವರ ಗಾಡಿಯ ಬಣ್ಣ ನೋಡಿಯೇ ಹೆಣ್ಣಿನ ಕಡೆಯವರು ಚಹಾಕ್ಕೆ ಎಷ್ಟು ಸಕ್ಕರೆ ಎಂದು ಕೇಳುತ್ತಿದ್ದರು. ನೀಲಾಂಬಿಕಾಗೆ ಸನ್ಮಾನ ಆಯಿತು, ಶಾಲು ಬಂತು. ಭಾನುವಾರದ ಊಟ ಶಾಂತವಾಗಿ ನಡೆಯಿತು.

ತೊಂದರೆ ಮೊದಲು ಕಂಡದ್ದು ಶಾಲೆಯ ಮೂಲೆಯಲ್ಲಿ.

ನೀಲಾಂಬಿಕಾಳ ಮಗಳು ಮುಕ್ತಾ ನಾಲ್ಕನೆಯ ತರಗತಿಯಲ್ಲಿದ್ದಳು. ಅವಳನ್ನು, ಆ ಬಡಾವಣೆಯ ಇನ್ನೂ ಹತ್ತಾರು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದವಳು ಶಮೀಮ್ ಬಾನು. ಗಂಡ ತೀರಿಕೊಂಡ ಮೇಲೆ ಅವನ ಡೀಸೆಲ್ ವ್ಯಾನನ್ನು ತಾನೇ ಓಡಿಸಲು ಕಲಿತ ಗಟ್ಟಿಗಿತ್ತಿ. ಯಾವ ಮಗುವಿಗೆ ವಾಂತಿ ಬರುತ್ತದೆ, ಯಾವುದು ಡಬ್ಬಿ ಮರೆಯುತ್ತದೆ, ಯಾವುದನ್ನು ಯಾವುದರ ಪಕ್ಕ ಕೂರಿಸಬಾರದು ಎಲ್ಲವೂ ಅವಳಿಗೆ ಗೊತ್ತು. ಒಂದು ಬೆಳಿಗ್ಗೆ ಅವಳು ಗೇಟಿನ ಹೊರಗೆ ನಿಂತು ಕರೆದಳು.

"ಅಕ್ಕಾರ, ಒಂದ್ ಮಾತು ಇತ್ತು. ಆ ಗಾಜು ನೀವ ಮಾಡಿದ್ದಂತಲ್ರಿ?"

"ಹೌದು ಶಮೀಮಕ್ಕ. ಯಾಕ?"

"ನನ್ನ ವ್ಯಾನಿಗೆ ದಿನಾ ಕಂದ ಬರ್ತೈತ್ರಿ. ಶಾಲಿ ರಸ್ತೆದಾಗ ಬಿಡವಲ್ರು. ಮಕ್ಳನ್ನ ಮೂಲ್ಯಾಗ ಇಳಿಸಿ, ಕೈ ಹಿಡಕೊಂಡು ನಡಸಿಕೊಂಡು ಹೋಗ್ತೀನಿ. ಅದು ಹೋಗ್ಲಿ ಅಂದ್ರ, ತಾಯಂದ್ರು ಕಂದ ಗಾಡ್ಯಾಗ ನಮ್ಮ ಹುಡುಗ್ರನ್ನ ಕಳಸಾಕ ಒಂಥರಾ ಆಗ್ತೈತಿ ಅನ್ನಾಕತ್ತಾರ್ರಿ. ಹೋದ ತಿಂಗಳ ಐದ್ ಮಕ್ಳು ಬಿಟ್ಟ್ರು. ನಾ ಏನ್ ತಪ್ ಮಾಡೇನ್ರಿ?"

ನೀಲಾಂಬಿಕಾ ವ್ಯಾನಿನ ಗಾಜನ್ನು ನೋಡಿದಳು. ಕಂದು, ನಿಜ. ಹಳೆಯ ಡೀಸೆಲ್ ಗಾಡಿ, ಕಿಲೋಮೀಟರಿಗೆ ಇಷ್ಟು ಹೊಗೆ ಎಂದರೆ ಕಂದೇ ಬರಬೇಕು. ಒಳಗೆ ಮಕ್ಕಳು ಒಂದಕ್ಕೊಂದು ಅಂಟಿಕೊಂಡು ಕೂತು ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದವು.

"ನಾ ನೋಡ್ತೀನಿ. ಏನರ ಮಾಡ್ತೀನಿ," ಎಂದಳು. ಹೇಳುವಾಗ ಅದು ಸುಲಭವೆಂದೇ ಅವಳಿಗೆ ಅನ್ನಿಸಿತ್ತು.

ಯಾಕೆಂದರೆ ಮೊದಲ ನಕ್ಷೆಯಲ್ಲಿ ಅವಳು ಅದನ್ನು ಬರೆದೇ ಇದ್ದಳು. ಹೊಗೆಯನ್ನು ಗಾಡಿಯೊಳಗಿನ ಜನರ ಸಂಖ್ಯೆಯಿಂದ ಭಾಗಿಸಬೇಕು. ಗಾಡಿಯೊಂದಕ್ಕೆ ಎಷ್ಟು ಎಂಬುದಲ್ಲ, ಮನುಷ್ಯನೊಬ್ಬನಿಗೆ ಎಷ್ಟು ಎಂಬುದೇ ಲೆಕ್ಕ. ಗಾಜಿನ ಸೂತ್ರವನ್ನು ಒಪ್ಪಬೇಕಿದ್ದ ಮಂಡಳಿಯ ಸಮಿತಿ ಅದೊಂದನ್ನು ಹೊಡೆದುಹಾಕಿತ್ತು. 'ಸದ್ಯಕ್ಕೆ ಬೇಡ, ಮುಂದೆ ನೋಡೋಣ' ಎಂದಿದ್ದರು. ಅವಳು ಒಪ್ಪಿದ್ದಳು.

ಅಂದು ಕೇಂದ್ರಕ್ಕೆ ಹೋದವಳು ಗೋಡೆಯಗಲದ ನಕ್ಷೆಯ ಮುಂದೆ ಬಹಳ ಹೊತ್ತು ಕೂತಳು. ಅವಳಿ ನಗರದ ಪ್ರತಿ ಗಾಡಿಯೂ ಅದರಲ್ಲಿ ಒಂದು ಚುಕ್ಕೆ. ಉಣಕಲ್ಲಿನಿಂದ ಹಳೇ ಹುಬ್ಬಳ್ಳಿಯವರೆಗೆ ಹೊಸ ಪೈರು ಎದ್ದಂತೆ ಹಸಿರು. ಭೇಟಿಗೆ ಬಂದ ಅಧಿಕಾರಿಗಳಿಗೆಲ್ಲ ತೋರಿಸುವ ಪರದೆ ಅದು. ಅದರ ಪಕ್ಕ, ಯಾರೂ ಹೆಚ್ಚು ನೋಡದ ಇನ್ನೊಂದು ಪರದೆಯಿತ್ತು. ಗುಡ್ಡದ ತುದಿಯ ಗೋಪುರಗಳು ಗಾಳಿಯನ್ನೇ ಹೀರಿ ಅಳೆದು, ವಿದ್ಯುತ್ ಸ್ಥಾವರಗಳ ಲೆಕ್ಕವನ್ನೂ ಕೂಡಿಸಿ, ಊರು ಒಟ್ಟು ಎಷ್ಟು ಹೊಗೆಗೆ ಕಾರಣವಾಗಿದೆ ಎಂದು ಗೆರೆ ಎಳೆಯುತ್ತಿದ್ದವು. ಗಾಜು ಬಂದ ಮೇಲೆ ಆ ಗೆರೆ ಕೆಲಕಾಲ ಇಳಿದಿತ್ತು. ಆಮೇಲೆ ಮಟ್ಟಸವಾಗಿತ್ತು. ಈಗ ಏರುತ್ತಿತ್ತು.

ಉಪಕರಣ ಕೆಟ್ಟಿದೆಯೇ ಎಂದು ಅವಳು ಮೊದಲು ನೋಡಿದಳು. ಕೆಟ್ಟಿರಲಿಲ್ಲ. ಆಮೇಲೆ ಶಾಲೆಯ ರಸ್ತೆಯೊಂದನ್ನೇ ತೆಗೆದು ನೋಡಿದಳು. ಕಂದು ವ್ಯಾನುಗಳು ಕಡಿಮೆಯಾಗಿದ್ದವು, ನಗರದ ಹಳೆಯ ಬಸ್ಸುಗಳು ಸುತ್ತು ಹಾಕಿ ಹೋಗುತ್ತಿದ್ದವು. ಅವುಗಳನ್ನು ಬಿಟ್ಟ ಪ್ರತಿ ಮಗುವಿಗೂ ಒಂದೊಂದು ಕಾರು, ಒಂದೊಂದು ಹಸಿರು ಚುಕ್ಕೆ ಬಂದಿತ್ತು. ಬಿಡಿಬಿಡಿಯಾಗಿ ನೋಡಿದರೆ ಒಂದೂ ತಪ್ಪು ಮಾಡಿರಲಿಲ್ಲ. ಹಸಿರು ಅಂದ ಮೇಲೆ ಏನು ಭಯ ಎಂದು ತರಕಾರಿಗೂ ಕಾರು, ತಿರುಗಾಟಕ್ಕೂ ಕಾರು. ಮೈಲೇಜು ಉಳಿಸಿದ ಪೆಟ್ರೋಲನ್ನು ಇನ್ನಷ್ಟು ದೂರ ಓಡಿಸಿ ಸುಟ್ಟಿದ್ದರು. ಬಿಸಿಲಿನ ವಿದ್ಯುತ್ತನ್ನೆಲ್ಲ ಕಾರುಗಳೇ ತುಂಬಿಕೊಂಡಿದ್ದರಿಂದ, ಸಂಜೆ ಊರ ದೀಪಕ್ಕೆ ಮತ್ತೆ ಕಲ್ಲಿದ್ದಲು ಸುಟ್ಟಿದ್ದರು.

ಮನೆಗೆ ಬಂದು ಅವಳು ಗಂಡನಿಗೆ ಇದನ್ನೆಲ್ಲ ವಿವರಿಸಿದಳು. ಅವನು ಗಮನವಿಟ್ಟು ಕೇಳಿ ತಲೆದೂಗಿದ.

"ಖರೆ ಐತಿ ನೀ ಹೇಳೂದು. ಅಂದಂಗ, ಮುಕ್ತಾನ್ನ ನಾಳಿಂದ ನಾನ ಬಿಡ್ತೀನಿ. ಶಮೀಮಾಗ ಹೇಳಿಬಿಟ್ಟೆ."

"ಏನು?"

"ಹೆಂಗೂ ಆ ಕಡೆನ ಹೋಗ್ತೀನಲ್ಲ. ನಮ್ಮದು ಹಸಿರ ಐತಿ. ಆ ಕಂದ ವ್ಯಾನಿನಾಗ ಯಾಕ ಕಳಸೂದು?"

"ಇಷ್ಟೊತ್ತು ನಾ ಏನ್ ಹೇಳಿದೆ ನಿಮಗ?"

"ಊರಿಂದು ಹೇಳಿದಿ. ಇದು ನಮ್ಮ ಮನಿ ಮಾತು."

ನೀಲಾಂಬಿಕಾ ಅಡುಗೆಮನೆಗೆ ಹೋಗಿ ಹಿಟ್ಟು ನಾದತೊಡಗಿದಳು. ಅಷ್ಟು ಜೋರಾಗಿ ನಾದಿದ ಹಿಟ್ಟಿನಿಂದ ರೊಟ್ಟಿ ಬಡಿಯಲಾಗಲಿಲ್ಲ.

ಕೇಂದ್ರದ ನಿರ್ದೇಶಕರು ಡಾ. ಗುರುರಾಜ ಇನಾಮದಾರ. ಕೆಟ್ಟವರಲ್ಲ. ಗಾಜಿನ ಯೋಜನೆಗೆ ಸರ್ಕಾರದ ಬಾಗಿಲುಗಳನ್ನು ಬಡಿದವರೇ ಅವರು. ನೀಲಾಂಬಿಕಾ ಏರುವ ಗೆರೆಯನ್ನು ಅವರ ಮೇಜಿನ ಮೇಲಿಟ್ಟಳು.

"ಸೀಟ್ ಬೆಲ್ಟಿನ ಸುದ್ದಿ, ಬಸ್ಸಿನ ತಿಕೀಟಿನ ಲೆಕ್ಕ ಆಗ್ಲೇ ಗಾಜಿಗೆ ಬರ್ತೈತ್ರಿ ಸರ್. ಯಾವ ಸೀಟಿನಾಗ ಮಂದಿ ಅದಾರ, ಯಾವುದು ಖಾಲಿ ಅಂತ ನಮಗ ಗೊತ್ತು. ಹೊಸದೇನೂ ಹಚ್ಚೂದು ಬ್ಯಾಡ. ಭಾಗಿಸಿದ್ರ ಆತು."

ಇನಾಮದಾರ ಕನ್ನಡಕ ತೆಗೆದು ಒರೆಸಿದರು. "ನೀಲಾಂಬಿಕಾ, ಮೈಲೇಜಿನ ಕಂಪನಿಯವರು, ಬ್ಯಾಟರಿ ಕಂಪನಿಯವರು ನಮ್ಮ ಸಮಿತಿಯೊಳಗ ಎಷ್ಟು ವರ್ಷ ಜಗಳಾಡ್ಯಾರ, ನೋಡೀರಿ. ಒಬ್ಬರು ಹೂಂ ಅಂದದ್ದಕ್ಕ ಇನ್ನೊಬ್ಬರು ಎಂದಾದ್ರೂ ಹೂಂ ಅಂದಾರೇನು? ಒಂದ ಒಂದು ಮಾತಿಗೆ ಇಬ್ಬರೂ ಕೂಡಿ ಕೈ ಎತ್ತಿದ್ರು. ಮಂದಿ ಎಣಿಸಬಾರದು ಅನ್ನೋದಕ್ಕ."

"ಯಾಕಂತ ನಿಮಗೂ ಗೊತ್ತೈತಿ. ಮಂದಿ ಕೂಡಿ ಹೋದ್ರ ಗಾಡಿ ಮಾರಾಟ ಆಗಂಗಿಲ್ಲ."

"ಗೊತ್ತದ. ಆದರ ಅದೊಂದ ಅಲ್ಲ. ಜನ ಗಾಜನ್ನ ಒಪ್ಪಿಕೊಂಡಾರ. ಪ್ರೀತಿ ಮಾಡ್ತಾರ. ನಾಳೆ 'ನಿನ್ನ ಗಾಡಿ ಛಲೋ ಅದ, ಆದರ ನೀ ಒಬ್ಬನ ಕೂತಿದ್ದು ತಪ್ಪು' ಅಂತಂದ್ರ ಕಲ್ಲು ತಗೊಂಡು ಒಡೀತಾರ. ಇರೋದೂ ಹೋಗ್ತದ."

"ಇರೋದರಿಂದ ಏನ್ ಆಗೇತ್ರಿ ಸರ್? ಗೆರಿ ನೋಡ್ರಿ."

ಅವರು ಗೆರೆಯನ್ನು ನೋಡಲಿಲ್ಲ. "ವರದಿ ಬರೀರಿ. ಸಮಿತಿಗೆ ಕಳಸ್ತೀನಿ."

ಅವಳು ಬರೆದಳು. ಸಮಿತಿ ಇನ್ನಷ್ಟು ಪುರಾವೆ ಕೇಳಿತು. ಕೇಂದ್ರದ ಹಿಂದಿನ ಓಟದ ಅಂಗಳದಲ್ಲಿ ಅವಳು ಬಿಸಿಲಿಗೆ ನಿಂತು ಗಾಡಿಗಳನ್ನು ಓಡಿಸಿ ಅಳೆದಳು: ಅಪ್ಪನದರಂಥ ಮಿತವ್ಯಯದ ಕಾರು, ಗಂಡನದರಂಥ ಬ್ಯಾಟರಿ ಕಾರು, ಎಥೆನಾಲಿನದು, ಜಲಜನಕದ್ದು, ಮತ್ತೆ ಒಂದು ಹಳೆಯ ಡೀಸೆಲ್ ವ್ಯಾನು. ಒಬ್ಬೊಬ್ಬರೇ ಕೂತಾಗ ಬ್ಯಾಟರಿ ಕಾರು ಮೇಲೋ ಪೆಟ್ರೋಲು ಕಾರು ಮೇಲೋ ಎಂಬ ವ್ಯತ್ಯಾಸ ಕೂದಲೆಳೆಯಷ್ಟು. ವ್ಯಾನಿನಲ್ಲಿ ಮಕ್ಕಳ ತೂಕದ ಮರಳು ಚೀಲ ತುಂಬಿ ತಲೆಗೆ ಎಷ್ಟು ಎಂದು ಭಾಗಿಸಿದರೆ, ಎಲ್ಲಕ್ಕಿಂತ ಕಡಿಮೆ ಹೊಗೆ ಅದರದೇ. ಊರೆಲ್ಲ ವರ್ಷಗಟ್ಟಲೆ ಗುದ್ದಾಡಿದ್ದು ಆ ಕೂದಲೆಳೆಗಾಗಿ. ಪಕ್ಕದಲ್ಲಿ ಹಗ್ಗದಷ್ಟು ದಪ್ಪ ವ್ಯತ್ಯಾಸ ಬಿದ್ದಿತ್ತು, ಅದನ್ನು ಯಾರೂ ಎತ್ತಿಕೊಂಡಿರಲಿಲ್ಲ.

ಹೊಸ ವರದಿ ಹೋಯಿತು. ಸಮಿತಿಯ ಸಭೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಒಂದು ಸಭೆ ನಡೆಯಿತು. ಅದರಲ್ಲಿ ಹಸಿರು ಬಣ್ಣವನ್ನು ಇನ್ನೂ ಸ್ವಲ್ಪ ಹೊಳೆಯುವಂತೆ ಮಾಡಬೇಕು ಎಂದು ತೀರ್ಮಾನವಾಯಿತು.

ಮಳೆಗಾಲದ ಕೊನೆಗೆ, ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆದ ಒಂದು ಸೋಮವಾರ ಬೆಳಿಗ್ಗೆ ನೀಲಾಂಬಿಕಾ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದಳು. ಕದ್ದು ಮಾಡುವ ಉದ್ದೇಶ ಅವಳಿಗಿರಲಿಲ್ಲ. ತನ್ನ ಹೆಸರಿನಿಂದಲೇ ಗಣಕದ ಒಳಹೊಕ್ಕಳು. ಮೊದಲು ಆಸ್ಪತ್ರೆ ರಸ್ತೆಗಳ ಅಡ್ಡಗೋಲುಗಳನ್ನು ಎತ್ತಿಟ್ಟಳು, ಯಾವ ರೋಗಿಗೂ ತೊಂದರೆ ಆಗಬಾರದು. ಆಮೇಲೆ ಸೂತ್ರದ ಕೊನೆಗೆ ಒಂದು ಭಾಗಾಕಾರ ಸೇರಿಸಿ, ಬಣ್ಣಗಳ ಗಡಿಯನ್ನೂ ತಲೆಯ ಲೆಕ್ಕಕ್ಕೆ ತಿರುಗಿಸಿ, ಊರಿಗೆಲ್ಲ ಕಳಿಸಿದಳು.

ಗೋಡೆಯ ಮೇಲಿನ ಪೈರು ಬಾಡತೊಡಗಿತು. ವಿದ್ಯಾನಗರ ಮೊದಲು, ಆಮೇಲೆ ಕೇಶ್ವಾಪುರ, ಗೋಕುಲ ರಸ್ತೆ. ಅಲ್ಲಲ್ಲಿ ಕಂದು ಬಸ್ಸೊಂದು ಹಸಿರಾಗಿ ಅರಳಿತು. ಉಳಿದಂತೆ ಊರಿಗೆ ಊರೇ ಕಂದು. ಎಷ್ಟೋ ತಿಂಗಳ ನಂತರ ಎರಡು ಪರದೆಗಳೂ ಒಂದೇ ಮಾತು ಆಡಿದವು. ಅವಳಿಗೆ ಒಂದು ಕ್ಷಣ ಹಾಯೆನಿಸಿತು.

ಫೋನುಗಳು ಬಡಿದುಕೊಳ್ಳತೊಡಗಿದವು. ಮೊದಲು ಪ್ರಭುದೇವನದು. "ನೀಲಾ, ಗಾಜು ಕೆಟ್ಟೈತಿ. ಉಣಕಲ್ ಹತ್ರ ನಿಂತೀನಿ. ಒಳಗ ಬಿಡವಲ್ರು."

"ಕೆಟ್ಟಿಲ್ರಿ. ಈಗ ಸರಿ ಐತಿ."

ಆಚೆಯಿಂದ ಮುಕ್ತಾಳ ದನಿ, "ಅವ್ವಾ, ಮುಂದಿನ ಕಾರು ಮಂದಿ ತುಂಬಿದ ಕೂಡ್ಲೇ ಹಸಿರಾತು! ಈಗ ಬಾಜು ಕಾರಿನ ಅಂಕಲ್ ತಮ್ಮ ಇಬ್ಬರು ಹುಡುಗ್ರನ್ನ ನಮ್ಮ ಕಾರಿನಾಗ ಕೂಡ್ರಸ್ತೀನಿ ಅನ್ನಾಕತ್ತಾರ!"

ಅಪ್ಪನ ಫೋನು ಬಂತು. ಮಲ್ಲೇಶಪ್ಪ ಅಳಿಯನ ಫಜೀತಿ ಕೇಳಿ ನಗಬೇಕೆಂದು ಮಾಡಿದ್ದರು, ಅಷ್ಟರಲ್ಲಿ ಕಿಟಕಿಯಾಚೆ ನಿಂತ ತಮ್ಮದೇ ಕಾರಿನ ಗಾಜು ಕಂಡಿತ್ತು. "ನೀಲವ್ವ, ನಂದೂ ಕಂದ ತೋರಸಾಕತ್ತೈತಲ್ಲ? ಲೀಟರಿಗೆ ಅಷ್ಟು ದೂರ ಓಡಸ್ತೀನಿ ನಾನು!"

"ಒಬ್ಬರ ಓಡಸ್ತೀರಿ ಅಪ್ಪಾಜಿ."

ಅವಳು ತಾನಾಗಿ ಮಾಡಬೇಕೆಂದಿದ್ದ ಫೋನು ಒಂದೇ. ಶಮೀಮಳಿಗೆ.

"ಶಮೀಮಕ್ಕ, ವ್ಯಾನ್ ತಗದುಕೊಂಡು ಬರ್ರಿ. ಮಕ್ಕಳನ್ನ ತುಂಬಿಕೊಳ್ರಿ. ಗಾಜು ಹಸಿರ ಆಗ್ತೈತಿ, ಶಾಲಿ ಬಾಗಲತನಕ ಹೋಗಬಹುದು."

"ವ್ಯಾನ್ ಎಲ್ಲೈತ್ರಿ ಅಕ್ಕಾರ? ಮಾರಿಬಿಟ್ಟೆ. ಮಕ್ಳ ಬರಲಿಲ್ಲಂದ್ರ ಖಾಲಿ ವ್ಯಾನ್ ಇಟಕೊಂಡು ಏನ್ ಮಾಡ್ಲಿ? ಈಗ ಡಾಕ್ಟರ್ ಮನ್ಯಾಗ ಡ್ರೈವರ್ ಅದೀನಿ. ಅವರ ದೊಡ್ಡ ಬ್ಯಾಟರಿ ಕಾರಿನಾಗ ಅವರ ಒಬ್ಬ ಮಗನ್ನ ಶಾಲಿಗೆ ಬಿಡೂದು. ನಿನ್ನಿತನಕ ಹಸಿರ ಇತ್ರಿ. ಇವತ್ತು ಇದೂ ಕಂದ ಆಗೇತಿ. ಈಗ ಅಡ್ಡಗೋಲಿನ ಮುಂದ ನಿಂತೀನಿ." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನಾ ಯಾವ ಗಾಡಿ ಹತ್ತಿದ್ರೂ ನಿಮ್ಮ ಗಾಜು ನನ್ನ ಬೆನ್ನ ಹತ್ತತೈತಲ್ರಿ?"

ನೀಲಾಂಬಿಕಾ ನಕ್ಷೆಯಲ್ಲಿ ಶಾಲೆಯ ಅಡ್ಡಗೋಲಿನ ಮುಂದಿದ್ದ ಕಂದು ಚುಕ್ಕೆಗಳಲ್ಲಿ ಅವಳದು ಯಾವುದೆಂದು ಹುಡುಕಿದಳು.

ಇನಾಮದಾರ ಬರುವ ಹೊತ್ತಿಗೆ ಸಮಿತಿಯವರ ಫೋನು, ಮಂತ್ರಿಗಳ ಕಡೆಯವರ ಫೋನು ಎಲ್ಲ ಬಂದಾಗಿತ್ತು. ಕೇಶ್ವಾಪುರದಲ್ಲಿ ಯಾರೋ ಗಾಜು ಕಿತ್ತೆಸೆದಿದ್ದರು. ಅದೇ ಹೊತ್ತಿಗೆ ಗೋಕುಲ ರಸ್ತೆಯ ಸಿಗ್ನಲ್ಲಿನಲ್ಲಿ, ಮಂದಿ ತುಂಬಿದ ಗಾಡಿ ಹಸಿರಾಗುವುದನ್ನು ಕಂಡ ಕಾರಿನವರು ಕಿಟಕಿ ಇಳಿಸಿ ಗುರುತಿಲ್ಲದವರನ್ನು "ಬರ್ರಿ, ಎಲ್ಲಿಗೆ ಹೊಂಟೀರಿ?" ಎಂದು ಕರೆಯುತ್ತಿದ್ದರು. ನಕ್ಷೆಯಲ್ಲಿ ಅಲ್ಲಿ ನಾಲ್ಕಾರು ಚುಕ್ಕೆ ಹಸಿರಾಗಿದ್ದವು. ಇನಾಮದಾರ ಅದನ್ನು ನೋಡುತ್ತ ನಿಂತರು. ಅವಳು ಆಸೆಯಿಂದ ಅವರ ಮುಖ ನೋಡಿದಳು.

"ಮಧ್ಯಾಹ್ನದ ತನಕ ಬಿಟ್ಟಿದ್ರ..." ಎಂದರು ಅವರು. ಮತ್ತೆ ಫೋನು ಬಡಿಯಿತು. ಅವರು ಕೂತು, ತಮ್ಮ ಕೈಯಿಂದಲೇ ಹಳೆಯ ಸೂತ್ರವನ್ನು ಹಾಕಿದರು. ಊರು ಹಸಿರಾಯಿತು. ಅವಳ ಅಮಾನತಿನ ಆದೇಶಕ್ಕೆ ಸಹಿ ಹಾಕುವಾಗ, "ನೀವು ಹೇಳಿದ್ದು ಸುಳ್ಳಲ್ಲ. ಆದರ ಖರೆ ಮಾತಿಗೂ ಒಂದು ಹೊತ್ತು ಇರ್ತದ," ಎಂದರು.

"ಅದು ಯಾವಾಗ ಅಂತ ಸಮಿತಿ ಎಂದಾದ್ರೂ ಹೇಳೇತೇನ್ರಿ ಸರ್?" ಎಂದು ಕೇಳಿ ಅವಳು ಚೀಲ ಹೆಗಲಿಗೇರಿಸಿದಳು.

ಆ ಸಂಜೆಯೇ ಪತ್ರಿಕೆಯವರು 'ಗಾಜಿನ ತಾಂತ್ರಿಕ ದೋಷ ಸರಿಪಡಿಸಲಾಗಿದೆ' ಎಂದು ಹಾಕಿದರು. ನೀಲಾಂಬಿಕಾ ಡಾಕ್ಟರ ಮನೆಯ ಹೊರಗೆ ಕಾದು ಶಮೀಮಳನ್ನು ಕಂಡಳು. ಕ್ಷಮೆ ಕೇಳಬೇಕೆಂದು ಹೋದವಳಿಗೆ ಶಮೀಮಳೇ ನೀರು ಕೊಟ್ಟು ಕೂರಿಸಿದಳು.

"ನೀವು ಕೆಟ್ಟದ್ದ ಮಾಡಬೇಕಂತ ಮಾಡಿಲ್ಲ ಬಿಡ್ರಿ. ಇವತ್ತ ಅಡ್ಡಗೋಲು ಏಳಲಿಲ್ಲಲ್ರಿ, ಅಲ್ಲೇ ನಿಂತಿದ್ದ ನನ್ನ ಹಳೇ ಮಕ್ಳು ನಾಕು ಮಂದಿನ್ನ ಒಳಗ ಕರಕೊಂಡೆ. ಟಪ್ಪಂತ ಹಸಿರಾತು ನೋಡ್ರಿ! ಹಾಡ ಹೇಳಕೋತ ಹೋದ್ವಿ." ಅವಳು ನಕ್ಕಳು, ಕೂಡಲೇ ನಗು ಇಳಿಯಿತು. "ಸೀಟಿಗೆ ಬೂಟಿನ ಕೆಸರ ಹತ್ತೇತಂತ ಮನಿ ಬಾಯಾರು ಬೈದ್ರು. ಇನ್ನ ಮ್ಯಾಲ ಯಾರನ್ನೂ ಹತ್ತಸಬ್ಯಾಡ ಅಂದಾರ."

ನೀಲಾಂಬಿಕಾಗೆ ಈಗ ಹೋಗಬೇಕಾದ ಕಚೇರಿ ಇರಲಿಲ್ಲ. ಮರುದಿನ ಬೆಳಿಗ್ಗೆ ಮುಕ್ತಾಳನ್ನು ತಾನೇ ಕರೆದುಕೊಂಡು ಹೋಗುತ್ತೇನೆಂದಳು. ಪ್ರಭುದೇವ ಒಬ್ಬನೇ, ಅವರಿಗಿಂತ ಮುಂಚೆ ಕಾರು ತೆಗೆದು ಹೊರಟ. ತಾಯಿ-ಮಗಳು ನಗರದ ಕಂದು ಬಸ್ಸು ಹತ್ತಿದರು. ಅದು ಕಿಕ್ಕಿರಿದಿತ್ತು. ಶಾಲೆಯ ರಸ್ತೆಗೆ ಅದನ್ನು ಬಿಡುವಂತಿರಲಿಲ್ಲವಾದ್ದರಿಂದ ಮೂಲೆಯಲ್ಲಿ ಇಳಿದು ನಡೆದರು.

ರಸ್ತೆಯುದ್ದಕ್ಕೂ ಗಾಡಿಗಳು ನಿಂತಿದ್ದವು. ಮುಂದೆ ಶಾಲೆಯ ಬಾಗಿಲಲ್ಲಿ ಒಂದೊಂದೇ ಕಾರು ಒಂದೊಂದೇ ಮಗುವನ್ನು ಇಳಿಸುತ್ತಿದ್ದುದರಿಂದ ಸಾಲು ಅಲುಗಾಡುತ್ತಿರಲಿಲ್ಲ. ಪೆಟ್ರೋಲಿನವು, ಬ್ಯಾಟರಿಯವು, ಎಥೆನಾಲಿನವು, ಎಲ್ಲದರ ನೆತ್ತಿಯ ಮೇಲೂ ಹಸಿರು ಮಿನುಗುತ್ತಿತ್ತು. ಹಾರ್ನುಗಳು ಒಂದೇ ಸಮನೆ ಅರಚುತ್ತಿದ್ದವು. ಸಾಲಿನ ನಡುವೆ ಡಾಕ್ಟರ ಕಾರಿನೊಳಗಿಂದ ಶಮೀಮ್ ಸ್ಟೇರಿಂಗು ಬಿಟ್ಟು ಕೈ ಬೀಸಿದಳು. ಹಿಂದಿನ ಸೀಟಿನಲ್ಲಿ ಹುಡುಗನೊಬ್ಬ ನಿದ್ದೆ ಹೋಗಿದ್ದ.

ಇನ್ನೂ ಸ್ವಲ್ಪ ಮುಂದೆ ಪ್ರಭುದೇವನ ಕಾರು ಸಿಕ್ಕಿತು. ಕಾಲೇಜಿನ ಹಾದಿಯೂ ಇದೇ. ಅವನು ಕಿಟಕಿ ಇಳಿಸಿ, ಹೆಂಡತಿಯ ಮುಖ ನೋಡದೆ ಮಗಳಿಗೆ ಹೇಳಿದ:

"ಬಾರವ್ವ, ಕೂಡ್ರು. ಅವ್ವನ್ನೂ ಕರಿ. ಎಲ್ಲಾರೂ ಕೂಡೇ ಹೋಗೂಣು."

ನೀಲಾಂಬಿಕಾ ನಿಂತಳು. ನಿನ್ನೆಯಿಡೀ ಊರಿನಿಂದ ಅವಳು ಕೇಳಬೇಕೆಂದಿದ್ದ ಮಾತು ಅದೇ. ಮುಕ್ತಾ ಅಪ್ಪನ ಕಾರನ್ನು ನೋಡಿದಳು, ಅದರ ಮುಂದೆ ಶಾಲೆಯವರೆಗೂ ಕದಲದೆ ನಿಂತ ಸಾಲನ್ನು ನೋಡಿದಳು.

"ಬ್ಯಾಡಪ್ಪ," ಎಂದಳು, "ನಿಮ್ಮ ಜೋಡಿ ಬಂದ್ರ ತಡ ಆಗ್ತೈತಿ," ಎಂದು ತಾಯಿಯ ಕೈ ಎಳೆದುಕೊಂಡು ಓಡಿದಳು.